ಎಲೆಯ ಅಂಚಿಗೆ ಸರಿದ ಅಣಬೆ

ಚಿಕ್ಕಬಳ್ಳಾಪುರದಲ್ಲಿ ನೆಂಟರ ಮನೆಯ ಗೃಹಪ್ರವೇಶ. ನಾವು ಎರಡನೇ ಪಂಕ್ತಿ. ಕೋಸಂಬರಿ, ಪಲ್ಯ, ಹೋಳಿಗೆ ಎಲ್ಲ ಬಂದು ಹೋದ ಮೇಲೆ ಬಡಿಸುವ ಹುಡುಗ ಒಂದು ಸೌಟು ಮಶ್ರೂಮ್ ಪೆಪ್ಪರ್ ಡ್ರೈ ಹಾಕಿದ. ಈಗಿನ ಕ್ಯಾಟರಿಂಗ್‌ನವರೇ ಹೀಗೆ. ಹೋಳಿಗೆ ಪಕ್ಕ ಗೋಬಿ ಇರಬೇಕು, ಪಾಯಸದ ಪಕ್ಕ ಅಣಬೆ ಇರಬೇಕು. ನನ್ನ ಎಡಗಡೆ ಕೂತಿದ್ದ ರೇಷ್ಮೆ ಪಂಚೆಯ ಹಿರಿಯರು ಒಂದು ತುಂಡು ಎತ್ತಿಕೊಂಡರು. ಅವರ ಆಚೆ ಪಕ್ಕ ಒಬ್ಬ ಕಾಲೇಜು ಹುಡುಗ.

"ತಾತ, ನಿಮಗೆ ಗೊತ್ತಾ? ಅಣಬೆ ಗಿಡ ಅಲ್ಲ. ಗಿಡಕ್ಕಿಂತ ಪ್ರಾಣಿಗೇ ಹತ್ತಿರ ಅದು."

ಹಿರಿಯರ ಕೈ ಅಲ್ಲೇ ನಿಂತಿತು. ತುಂಡು ಉಪ್ಪಿನಕಾಯಿಯನ್ನೂ ದಾಟಿ ಎಲೆಯ ಅಂಚಿಗೆ ಹೋಯಿತು.

ಹುಡುಗ ಹೇಳಿದ್ದು ಸುಳ್ಳೇನಲ್ಲ. ನನಗೆ ರೇಗಿದ್ದೇ ಅದಕ್ಕೆ. ಸುಳ್ಳಾಗಿದ್ದರೆ ಒಂದು ಮಾತು ಬೈದು ಹೋಳಿಗೆ ಮುಗಿಸಬಹುದಿತ್ತು. ಅಣಬೆಗೆ ಬಿಸಿಲಿನಿಂದ ತನ್ನ ಅನ್ನ ತಾನೇ ಮಾಡಿಕೊಳ್ಳಲು ಬರುವುದಿಲ್ಲ. ಅದರ ಜೀವಕೋಶದ ಗೋಡೆಯಲ್ಲಿರುವುದು ಕೈಟಿನ್, ಏಡಿಯ ಚಿಪ್ಪಿನಲ್ಲಿ, ಜಿರಲೆಯ ಮೈಮೇಲೆ ಇರುವಂಥದ್ದು. 1969ರಲ್ಲಿ ವಿಟ್ಟೇಕರ್ ಅನ್ನುವ ವಿಜ್ಞಾನಿ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ಹಂಚಿದಾಗ ಅಣಬೆ, ಬೂಷ್ಟು ಎಲ್ಲ ಸೇರಿದ ಶಿಲೀಂಧ್ರಗಳಿಗೇ ಒಂದು ಸಾಮ್ರಾಜ್ಯ ಬಿಟ್ಟುಕೊಟ್ಟ. ಇದೆಲ್ಲ ಸರಿ. ಆದರೆ ಊಟಕ್ಕೆ ಕೂತ ಮನುಷ್ಯನಿಗೆ ಜಿರಲೆಯ ಮೈ ನೆನಪಿಸಬೇಕಾ?

ಹುಡುಗ ಅಷ್ಟಕ್ಕೇ ಬಿಡಲಿಲ್ಲ. ಅಮೆರಿಕದ ಒರೆಗಾನ್‌ನ ಕಾಡಿನಲ್ಲಿ ಮಣ್ಣಿನ ಕೆಳಗೆ ಒಂದೇ ಒಂದು ಶಿಲೀಂಧ್ರ ಸುಮಾರು 2,400 ಎಕರೆ ಹರಡಿಕೊಂಡಿದೆ, ಅದಕ್ಕೆ ಸಾವಿರಾರು ವರ್ಷ ವಯಸ್ಸು ಅಂದ. ಹಿರಿಯರು ಸಾರು ಕಲೆಸಿಕೊಳ್ಳುತ್ತಾ, "ಪಹಣಿ ಯಾರ ಹೆಸರಲ್ಲಿದೆ?" ಅಂತ ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಒಣಮರದ ಮೇಲೆ ಬೆಳೆಯುವ ಒಂದು ಜಾತಿಯಲ್ಲಿ ಗಂಡು ಹೆಣ್ಣು ಅಂತ ಎರಡೇ ಅಲ್ಲ, 20,000ಕ್ಕೂ ಹೆಚ್ಚು ಬಗೆ ಇವೆ ಅಂತಲೂ ಹುಡುಗ ಹೇಳಿದ. ಹಿರಿಯರು ತುಸು ಯೋಚಿಸಿ, "ಹಾಗಾದ್ರೆ ಜಾತಕ ನೋಡೋರ ಗತಿ?" ಅಂದರು. ನನಗೆ ಅವರ ಮೇಲೆ ಗೌರವ ಬಂತು.

"ನಿಮಗೆ ಗೊತ್ತಾ" ಅಂತ ಮಾತು ಶುರು ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಗೊತ್ತು ಅಂದರೂ ಹೇಳುತ್ತಾರೆ, ಗೊತ್ತಿಲ್ಲ ಅಂದರಂತೂ ಮುಗಿಯಿತು. ಇನ್ನೊಂದು ಸಿಟ್ಟು ಆ ಬಟನ್ ಅಣಬೆಯ ಮೇಲೆ. ಪ್ಲಾಸ್ಟಿಕ್ ಹೊದ್ದು ಡಬ್ಬಿಯಲ್ಲಿ ಬರುವ ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಉಳಿದಿದ್ದರಲ್ಲಿ ರುಚಿ ಇದೆಯೋ ಇಲ್ಲವೋ ಅಂತ ತಿಳಿಯುವ ಮೊದಲೇ ಮೆಣಸು, ಸೋಯಾ ಸಾಸ್ ಎಲ್ಲ ಸುರಿದಿರುತ್ತಾರೆ. ಅಣಬೆ ಅಂದರೆ ಹುತ್ತದ ಅಣಬೆ. ಗುಡುಗು ಮಳೆ ಬಿದ್ದ ಮೇಲೆ ಬದುವಿನಲ್ಲಿ ಏಳುತ್ತಲ್ಲ, ಅದು. ಅದನ್ನು ಬೆಳೆಯುವುದು ಗೆದ್ದಲು. ಕಸಕಡ್ಡಿ ಅಗಿದು ಹುತ್ತದೊಳಗೆ ತೋಟ ಮಾಡಿ ಸುಮಾರು ಮೂರು ಕೋಟಿ ವರ್ಷದಿಂದ ಬೆಳೆಯುತ್ತಾ ಬಂದಿವೆ. ಬಟನ್ ಅಣಬೆಯ ಹಾಗೆ ಅದನ್ನು ಶೆಡ್ಡಿನಲ್ಲಿ ಬೆಳೆಯುವುದು ಮನುಷ್ಯರ ಕೈಲಿ ಇನ್ನೂ ಆಗಿಲ್ಲ. ಒಳ್ಳೆಯದೇ ಆಯಿತು. ಆಗಿದ್ದರೆ ಅದಕ್ಕೂ ಸೋಯಾ ಸಾಸ್ ಬೀಳುತ್ತಿತ್ತು.

ಇರಲಿ. ಅಣಬೆ ಸಸ್ಯಾಹಾರವೋ ಮಾಂಸಾಹಾರವೋ ಅನ್ನುವುದನ್ನು ಒಂದು ಸಲ ಬರೆದು ತೀರ್ಮಾನ ಮಾಡಿಬಿಡೋಣ ಅಂತಲೇ ಇವತ್ತು ಕೂತಿದ್ದೇನೆ. ಅದಕ್ಕೆ ಮೊದಲು ಹಿರಿಯರ ಆ ಪಂಚೆಯ ವಿಷಯ.

ಅಪ್ಪಟ ರೇಷ್ಮೆ ಅದು. ಪೂಜೆಗೆ ಮಡಿ ಅಂದರೆ ನಮ್ಮಲ್ಲಿ ರೇಷ್ಮೆಯೇ. ಗೂಡಿನೊಳಗಿನ ಹುಳವನ್ನು ಬಿಸಿಯಲ್ಲಿ ಕೊಂದು, ಗೂಡನ್ನು ಕುದಿಯುವ ನೀರಿಗೆ ಹಾಕಿ ನೂಲು ತೆಗೆಯುತ್ತಾರೆ ಅನ್ನುವುದು ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತು. ಆ ಪಂಚೆ ಉಟ್ಟವರಿಗೆ ಅಣಬೆ ಮೈಲಿಗೆ! ಹೇಳಲಿಲ್ಲ ಬಿಡಿ. ಪಂಕ್ತಿಯಲ್ಲಿ ಇಬ್ಬರು "ನಿಮಗೆ ಗೊತ್ತಾ" ಆಗಬಾರದು.

ಶಿಡ್ಲಘಟ್ಟದ ಕಡೆಯ ಹಳ್ಳಿಯಲ್ಲಿ ನಮ್ಮ ಸೋದರತ್ತೆಯ ಮನೆ. ಅವರು ಹುಳ ಸಾಕುವವರು. ರೇಷ್ಮೆಗೂ ಅಣಬೆಗೂ ಏನು ಸಂಬಂಧ ಅಂತ ಅತ್ತೆಯನ್ನು ಕೇಳಬೇಕು. ಹುಳ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಕಳೆದು ಎದ್ದ ಹುಳಕ್ಕೆ ಹೊಟ್ಟೆ ಅನ್ನುವುದೇ ತುಂಬುವುದಿಲ್ಲ. ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲು ಆ ಕೊನೆಯ ವಾರದಲ್ಲೇ ಖರ್ಚು. ರಾತ್ರಿ ಎದ್ದು ಸೊಪ್ಪು ಹಾಕಬೇಕು. ಸಾಲ, ಕೂಲಿ, ಸೊಪ್ಪಿನ ದುಡ್ಡು ಎಲ್ಲ ಹೋಗಿ ಕೂತಿರುವುದು ತಟ್ಟೆಯ ಮೇಲೆ. ಆಗ ಥಂಡಿ ಹಿಡಿದು, ಮೋಡ ಕವಿದು, ಹುಳದ ಮನೆಯಲ್ಲಿ ತೇವ ಏರಿತು ಅಂದರೆ ಅತ್ತೆಯ ಮುಖವೇ ಬದಲಾಗುತ್ತದೆ. ಸುಣ್ಣಕಟ್ಟು ರೋಗ ಬರುವ ಕಾಲ ಅದು.

ಮೊದಲು ಒಂದೆರಡು ಹುಳ ಸೊಪ್ಪು ಬಿಡುತ್ತವೆ. ಮುಟ್ಟಿದರೆ ಮೆತ್ತಗೆ. ಸತ್ತ ಮೇಲೆ ಗಟ್ಟಿಯಾಗುತ್ತವೆ. ಮತ್ತೆರಡು ದಿನಕ್ಕೆ ಮೈತುಂಬ ಬಿಳಿ ಪುಡಿ. ಕೈಗೆತ್ತಿಕೊಂಡರೆ ಹುಳ ಅಲ್ಲ, ಬಳಪದ ತುಂಡು. ಒಂದು ಶಿಲೀಂಧ್ರದ ಕೆಲಸ ಇದು. ಅದರ ಕಣ ಹುಳದ ಚರ್ಮದ ಮೇಲೆ ಬಿದ್ದು, ಮೊಳೆತು, ಚರ್ಮ ಕೊರೆದುಕೊಂಡು ಒಳಗೆ ಹೋಗುತ್ತದೆ. ಒಳಗಿದ್ದದ್ದನ್ನೆಲ್ಲ ಮುಗಿಸಿ ಹೊರಗೆ ಬಂದು ಪುಡಿಯಾಗುತ್ತದೆ. ಆ ಪುಡಿಯ ಒಂದೊಂದು ಕಣವೂ ಇನ್ನೊಂದು ಹುಳಕ್ಕೆ ಕಾಯುತ್ತಿರುತ್ತದೆ. ಅತ್ತೆ ಕೈಯಲ್ಲಿ ಮುಟ್ಟುವುದಿಲ್ಲ. ಎರಡು ಕಡ್ಡಿಯಲ್ಲಿ ಹಿಡಿದು, ಕಾಗದದ ಮೇಲಿಟ್ಟು, ಹಿತ್ತಿಲಿಗೆ ಒಯ್ದು ಸುಡುತ್ತಾರೆ. ತಟ್ಟೆಗೆ ಸುಣ್ಣ ಉದುರಿಸುತ್ತಾರೆ. ಆಮೇಲೆ ಹೊರಗಿನವರು ಯಾರೂ ಹುಳದ ಮನೆಗೆ ಕಾಲಿಡುವ ಹಾಗಿಲ್ಲ. ತಿಳಿವಳಿಕೆ ಹೇಳಲು ಬಂದ ಅಧಿಕಾರಿಯೊಬ್ಬರನ್ನು ಹೊಸ್ತಿಲ ಆಚೆಯೇ ನಿಲ್ಲಿಸಿ, "ಸಾರ್, ಕಾಲು ತೊಳ್ಕೊಳ್ಳಿ. ಇಲ್ಲಾಂದ್ರೆ ಅಲ್ಲಿಂದ್ಲೇ ಹೇಳಿ, ಕೇಳಿಸ್ತದೆ" ಅಂದರಂತೆ.

ಇದೇ ರೋಗದ ಹಿಂದೆ ಇಟಲಿಯಲ್ಲಿ ಒಬ್ಬ ಮನುಷ್ಯ ಅರ್ಧ ಆಯಸ್ಸು ಕಳೆದ. ಅಗೊಸ್ಟಿನೋ ಬಾಸ್ಸಿ ಅಂತ. ಓದಿದ್ದು ಕಾನೂನು, ಕಣ್ಣು ಸರಿಯಿರಲಿಲ್ಲ. ಅಲ್ಲಿನ ರೇಷ್ಮೆಯವರೂ ಹೀಗೇ ಬಳಪದ ಹುಳ ಎತ್ತಿ ಎತ್ತಿ ಸೋತಿದ್ದರು. ರೋಗ ಹುಳದೊಳಗೇ ತಾನಾಗಿ ಹುಟ್ಟುತ್ತದೆ ಅಂತ ಎಲ್ಲರೂ ನಂಬಿದ್ದ ಕಾಲ. 1807ರಲ್ಲಿ ಶುರು ಮಾಡಿದ ಬಾಸ್ಸಿಯೂ ಮೊದಮೊದಲು ಹಾಗೇ ನಂಬಿ, ಆರೋಗ್ಯವಂತ ಹುಳಗಳಿಗೆ ಏನೇನೋ ಕಾಟ ಕೊಟ್ಟು ರೋಗ ತರಿಸಲು ನೋಡಿದ. ಹುಳ ಸತ್ತವು, ಸುಣ್ಣಕಟ್ಟು ಬರಲಿಲ್ಲ. ಕೊನೆಗೆ ತಿಳಿಯಿತು, ರೋಗ ಹೊರಗಿನಿಂದ ಬರುತ್ತದೆ, ಬರುವುದು ಜೀವ ಇರುವ ಒಂದು ಶಿಲೀಂಧ್ರ, ಹರಡುವುದು ಆ ಬಿಳಿ ಪುಡಿ. 1835ರಲ್ಲಿ ಪುಸ್ತಕ ಮಾಡಿದ. ಕಣ್ಣಿಗೆ ಕಾಣದ ಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆ ಅಂತ ಮೊದಲು ತೋರಿಸಿಕೊಟ್ಟಿದ್ದು ಇದೇ. ಲೂಯಿ ಪಾಶ್ಚರ್ ರೇಷ್ಮೆ ಹುಳದ ರೋಗಕ್ಕೆ ಕೈ ಹಾಕಿದ್ದೇ 1865ರಲ್ಲಿ. ಪಾಠದ ಪುಸ್ತಕದಲ್ಲಿ ಪಾಶ್ಚರ್ ಫೋಟೋ ಇರುತ್ತದೆ, ಬಾಸ್ಸಿಯದು ನಾನಂತೂ ಕಂಡಿಲ್ಲ. ಆದರೆ ಮರ್ಯಾದೆ ಮಾಡಲಿಲ್ಲ ಅನ್ನುವ ಹಾಗಿಲ್ಲ. ಆ ಶಿಲೀಂಧ್ರಕ್ಕೇ ಅವನ ಹೆಸರಿಟ್ಟರು. ಬ್ಯೂವೇರಿಯಾ ಬ್ಯಾಸಿಯಾನಾ. ಜೀವಮಾನವಿಡೀ ಯಾರ ಮೇಲೆ ಕೇಸು ನಡೆಸಿದನೋ ಆ ಆರೋಪಿಗೇ ವಕೀಲರ ಹೆಸರು!

ಬಾಸ್ಸಿ ಕೊಟ್ಟ ಸಲಹೆ ಏನು ಗೊತ್ತೆ? (ನೋಡಿ, ನನಗೂ ಅಂಟಿತು.) ರೋಗದ ಹುಳ ಬೇರೆ ಮಾಡಿ, ಜಾಗ ಸಾಮಾನು ಎಲ್ಲ ತೊಳೆಯಿರಿ. ಅತ್ತೆ ಮಾಡುವುದೂ ಅಷ್ಟೇ. ಅವರಿಗೆ ಬಾಸ್ಸಿ ಗೊತ್ತಿಲ್ಲ. ಆದರೆ ಬ್ಯೂವೇರಿಯಾ ಗೊತ್ತು, ಬೇರೆ ದಾರಿಯಲ್ಲಿ.

ಪಕ್ಕದ ಹೊಲದವನದು ಟೊಮೆಟೊ. ಬಿಳಿ ನೊಣ ಬಿತ್ತು. ಗೊಬ್ಬರದಂಗಡಿಯವರು ಒಂದು ಪೊಟ್ಟಣ ಕೊಟ್ಟರು. ಸಾವಯವ, ವಿಷ ಇಲ್ಲ, ಹಣ್ಣಿಗೆ ತೊಂದರೆ ಇಲ್ಲ. ಒಳಗೆ ಇದ್ದದ್ದು ಇದೇ ಬ್ಯೂವೇರಿಯಾ. ಕೀಟಗಳ ಮೈಮೇಲೆ ಮೊಳೆತು ಕೊಲ್ಲುವ ಗುಣ ಅದಕ್ಕೆ ಇದೆಯಲ್ಲ, ಅದನ್ನೇ ಪುಡಿ ಮಾಡಿ ಮಾರುತ್ತಾರೆ. ಟೊಮೆಟೊಗೆ ಒಳ್ಳೆಯದೇ. ಆದರೆ ಬಿಳಿ ನೊಣ ಯಾವುದು, ರೇಷ್ಮೆ ಹುಳ ಯಾವುದು ಅಂತ ಶಿಲೀಂಧ್ರ ವಿಚಾರಿಸುವುದಿಲ್ಲ. ಹಾಗಾಗಿ ರೇಷ್ಮೆ ಇರುವ ಕಡೆ ಹೊಡೆಯಬೇಡಿ ಅಂತ ತಿಳಿದವರು ಹೇಳುತ್ತಾರೆ. ಅಂಗಡಿಯವರು ಹೇಳಲಿಲ್ಲ. ಸಂಜೆ ಪಕ್ಕದವನು ಪಂಪು ಬೆನ್ನಿಗೆ ಹಾಕಿಕೊಂಡಾಗ ಅತ್ತೆಯ ಸೊಪ್ಪಿನ ತೋಟದ ಕಡೆಗೇ ಗಾಳಿ.

"ಸಾವಯವ ಕಣಕ್ಕ ಇದು, ವಿಷ ಅಲ್ಲ" ಅಂದನಂತೆ.

"ಸಾವಯವ ಅಂತ ಓದ್ಕೊಳ್ಳಕ್ಕೆ ನನ್ನ ಹುಳಕ್ಕೆ ಬರ್ತದಾ? ಇಳಿಸು ಪಂಪು!"

ಇಳಿಸಿದ. ಎರಡು ಮನೆಗೂ ಮೂರು ತಿಂಗಳು ಮಾತಿರಲಿಲ್ಲ. ಆ ಬೆಳೆ ಅತ್ತೆಗೆ ಗೂಡು ಚೆನ್ನಾಗಿಯೇ ಬಂತು, ಪಕ್ಕದವನಿಗೆ ಟೊಮೆಟೊ ರೇಟು ಬರಲಿಲ್ಲ. ಎರಡಕ್ಕೂ ಬ್ಯೂವೇರಿಯಾ ಕಾರಣವಲ್ಲ. ಆದರೆ ಅತ್ತೆಗೆ ಹಾಗೆ ಹೇಳುವವರು ಯಾರು? ಈಗ ರಾಜಿಯಾಗಿದೆ. ಏನೇ ಹೊಡೆಯುವುದಿದ್ದರೂ ಅವನು ಮೊದಲು ಬದುವಿನ ಮೇಲೆ ನಿಂತು, ಪೊಟ್ಟಣದ ಮೇಲೆ ಬರೆದಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಾನೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಬೇಡ ಅನ್ನುತ್ತಾರೆ.