ಪಂಖಾದ ವಿಮಾನ, ಪೇಡೆದ ಡಬ್ಬಿ

ಹುಡುಗೂರನ್ನ ಕರ್ಕೊಂಡು ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಾಗ ಹೋಗೋ ಮಂದಿ ಈಗ ಭಾಳ ಆಗ್ಯಾರ. ಗೋಕುಲ ರೋಡಿನ ಏರ್‌ಪೋರ್ಟಿಗೆ ಹೋಗಿ ನೋಡ್ರಿ, ಒಂದು ಮನ್ಯಾಗಿನ ಮೂರು ಮಂದಿ ಹೊಂಟ್ರ ಅರ್ಧ ಓಣಿ ಕಳಸಾಕ ಬಂದಿರ್ತೈತಿ. ಅಜ್ಜ, ಅಜ್ಜಿ, ಕಾಕಾ, ಮಾವಶಿ ಎಲ್ಲಾರೂ ಗೇಟಿನ ಹೊರಗ ನಿಂತು ಕೂಸಿಗೆ ಒಂದ ಮಾತು ಹೇಳ್ತಾರ, "ಅಳಬ್ಯಾಡಪಾ, ಶಾಣ್ಯಾ ಆಗಿ ಕುಂದ್ರು." ಅಲ್ಲಿತನಕಾ ಕೂಸಿನ ತಲ್ಯಾಗ ಅಳೋ ವಿಚಾರನ ಇರಂಗಿಲ್ಲ. ಇಷ್ಟು ಮಂದಿ ಹೇಳಾಕತ್ತಾರಂದ್ರ ಒಳಗ ಅಳೋವಂಥದ್ದು ಏನೋ ಐತಿ ಅಂತ ಅದಕ್ಕ ಅಲ್ಲೇ ಅನುಮಾನ ಶುರು ಆಗ್ತೈತಿ.

ರೈಲಿನಾಗ ಈ ತ್ರಾಸ ಇಲ್ಲ ನೋಡ್ರಿ. ನಮ್ಮ ಹುಬ್ಬಳ್ಳಿ ಸ್ಟೇಶನ್ನಿನ ದೊಡ್ಡ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, 2023ರಾಗ ಜಗತ್ತಿನ್ಯಾಗ ಇದರಷ್ಟು ಉದ್ದಂದು ಇಲ್ಲ ಅಂತ ಉದ್ಘಾಟನಾ ಮಾಡಿದ್ರಲ್ಲ ಅದು, ಅದರ ಮ್ಯಾಲ ಒಂದು ರೌಂಡ್ ಓಡಿಸಿದ್ರ ಎಂಥಾ ಉಡಾಳ ಹುಡುಗನೂ ಹಾವೇರಿ ಬರೋದ್ರಾಗ ತೂಕಡಸ್ತಾನ. ಎದ್ರ ಚುರುಮುರಿ ಬರ್ತೈತಿ, ಚಾ ಬರ್ತೈತಿ, ಎದುರಿನ ಸೀಟಿನ ಆಯಿ ಯಾವ ಊರು, ಯಾವ ಸಾಲಿ, ಎಷ್ಟನೇತ್ತಾ ಅಂತ ವಿಚಾರಸ್ತಾಳ, ರಾಣೇಬೆನ್ನೂರು ದಾಟೋದ್ರಾಗ ಆಕಿ ಡಬ್ಬಿ ರೊಟ್ಟಿ ಇವನ ಕೈಯಾಗ ಇರ್ತೈತಿ. ವಿಮಾನ ಹಾರೋದು ಒಂದು ತಾಸು ಮ್ಯಾಲ ಸ್ವಲ್ಪ ಅಷ್ಟ, ಆದ್ರ ಆ ಒಂದು ತಾಸಿನ್ಯಾಗ ಬಾಜೂಕಿನವ್ರು ಮಾತಾಡಂಗಿಲ್ಲ. ಕೂಸು "ಅಂಕಲ್, ನಿಮ್ಮ ಊರು ಯಾವ್ದು?" ಅಂತ ಕೇಳಿದ್ರ ಅಂಕಲ್‌ನ ಕಿವ್ಯಾಗ ಇಯರ್‌ಫೋನ್.

ಅವ್ವ-ಅಪ್ಪಂದಿರು ತಯಾರಿ ಮಾಡೋದು ಆ ಹಾರೋ ಒಂದು ತಾಸಿಗೆ. ಬಣ್ಣದ ಪುಸ್ತಕ, ಟ್ಯಾಬು, ಕಾರ್ಟೂನು ಎಲ್ಲಾ ತುಂಬಕೊಂಡಿರ್ತಾರ. ಹುಡುಗೂರ ತಾಳ್ಮಿ ಮುಗಿಯೋದು ಮಾತ್ರ ನೆಲದ ಮ್ಯಾಲ, ಆ ಪಾಳಿ, ಈ ಪಾಳಿ, ನಿಲ್ಲು, ಓಡಬ್ಯಾಡ, ಮುಟ್ಟಬ್ಯಾಡ ಅನ್ನೋದ್ರಾಗ. ಸೆಕ್ಯೂರಿಟಿಯೊಳಗ ಸಿದ್ಧಾರೂಢ ಜಾತ್ರ್ಯಾಗ ಕೊಡಿಸಿದ್ದ ಆಟಗಿ ಪಿಸ್ತೂಲು ಹೊರಗ ಬರ್ತೈತಿ, ಆಟಗಿದಾದ್ರೂ ಪಿಸ್ತೂಲ ಪಿಸ್ತೂಲನ, ಕೈಚೀಲದಾಗ ಬಿಡಂಗಿಲ್ಲ, ಅಲ್ಲೇ ಮೊದಲನೇ ರಂಪ. ಅದರ ಹಿಂದನ ಅಜ್ಜಿ ಕಟ್ಟಿದ ಗಂಟು. ಬ್ಯಾಡಗಿ ಖಾರಪುಡಿ ಕೈಚೀಲದಾಗ ನಡಿಯಂಗಿಲ್ಲ, ಒಣಕೊಬ್ರಿ, ಅದರಾಗ ಎಣ್ಣಿ ಇರೋದಕ್ಕ ಬೆಂಕಿ ಹತ್ತೋ ಸಾಮಾನು ಅಂತ, 2022ರಿಂದ ಚೆಕ್‌ಇನ್ ಬ್ಯಾಗಿನ್ಯಾಗೂ ಬಂದ್. ಹುಡುಗ ಪಿಸ್ತೂಲಿಗೆ ಅಳ್ತಿರ್ತಾನ, ಅವರವ್ವ ಖಾರಪುಡಿಗೆ. ಇಬ್ಬರೊಳಗ ಯಾರನ್ನ ಮೊದಲು ಸಮಾಧಾನ ಮಾಡಬೇಕು ಅನ್ನೋದು ಅಪ್ಪನ ಪರೀಕ್ಷಾ.

ಒಂದು ಚಲೋ ಆಗೈತಿ. ಮೊದಲು ಸೀಟಿಗೆ ರೊಕ್ಕ ಕೊಡಲಿಲ್ಲಂದ್ರ ಅವ್ವ ಮುಂದ, ಕೂಸು ಹಿಂದ ಅನ್ನೋ ಹಂಗ ಹಂಚ್ತಿದ್ರು. ಒಂದ ಬುಕಿಂಗಿನ್ಯಾಗ ಇದ್ರ ಹನ್ನೆರಡರ ಒಳಗಿನ ಹುಡುಗೂರಿಗೆ ಅವ್ವ ಇಲ್ಲಾ ಅಪ್ಪನ ಬಾಜೂನ ಸೀಟು ಕೊಡಬೇಕು ಅಂತ 2024ರಾಗ ವಿಮಾನದ ಕಂಪನಿಗಳ ಮ್ಯಾಲ ನಿಗಾ ಇಡೋ ಸರಕಾರಿ ಸಂಸ್ಥೆ ಡಿಜಿಸಿಎ ಹೇಳ್ತು. ಎರಡು ವರ್ಷದ ಒಳಗಿನ ಕೂಸಿಗೆ ಸೀಟು ಇಲ್ಲ, ತೊಡಿ ಮ್ಯಾಲ.

ಮತ್ತ ವಿಮಾನ ಎಟಿಆರ್, ಅಂದ್ರ ಪಂಖಾ ಇರೋ ಸಣ್ಣ ವಿಮಾನ, ಆಗಿದ್ರ ನಸೀಬ್ ಅನ್ರಿ. ದೊಡ್ಡವ್ರು ಪಂಖಾದ ವಿಮಾನ ನೋಡಿ ಮೂಗು ಮುರೀತಾರ, ಇದೇನ್ ಬಸ್ ಇದ್ದಂಗ ಐತಲ್ಲೋ ಅಂತಾರ. ಹುಡುಗೂರಿಗೆ ಇದರಷ್ಟು ಚಲೋ ವಿಮಾನ ಇನ್ನೊಂದಿಲ್ಲ. ಹಿಂದಿನ ಬಾಗಿಲಿಂದ ಹತ್ತೋದು, ರೆಕ್ಕಿ ಮ್ಯಾಲ ಇರೋದ್ರಿಂದ ಕಿಟಕಿ ಹೊರಗ ನೆಲ ಪೂರಾ ಕಾಣತೈತಿ, ಭಾಳ ಎತ್ತರಕ್ಕೂ ಹೋಗಂಗಿಲ್ಲ. ಪಂಖಾಕ್ಕ ಆರು ಅಲಗು, ನಿಂತಾಗ ಎಣಸು ಅಂತ ಹೇಳ್ರಿ, ಆಮೇಲೆ ತಿರುಗೋವಾಗ ಎಣಸು ಅನ್ರಿ, ಬರೋಬ್ಬರಿ ಹತ್ತು ನಿಮಿಷ ಮನಿ ಮಂದಿಗೆಲ್ಲಾ ಶಾಂತಿ. ವಿಮಾನ ಮ್ಯಾಲ ಎದ್ದ ಕೂಡ್ಲೆ "ನಮ್ಮನಿ ಎಲ್ಲೈತಿ?" ಶುರು. ಉಣಕಲ್ ಕೆರಿ ಕಂಡ್ರ ತೋರಸ್ರಿ, ಇಲ್ಲಂದ್ರ ಕಂಡ ಕೆರೀನ ಉಣಕಲ್ ಅಂತ ಹೇಳ್ರಿ, ಆ ವಯಸ್ಸಿನ್ಯಾಗ ನಡೀತೈತಿ. ಎರಿ ಹೊಲ, ಹತ್ತಿ, ಮೆಣಸಿನಕಾಯಿ ಪಟ್ಟಿ, ತುಂಗಭದ್ರಾ, ಚಿತ್ರದುರ್ಗದ ಕಡೆ ಗುಡ್ಡದ ಮ್ಯಾಲಿನ ಗಾಳಿಪಂಖಾ, ಮೋಡ ಇರಲಿಲ್ಲಂದ್ರ ಟ್ಯಾಬ್ ತಗಿಯೋ ಜರೂರತ್ತ ಬೀಳಂಗಿಲ್ಲ.

ಖರೇ ಅಳು ಬರೋದು ಇಳಿಯೋವಾಗ. ಅದು ಹಟ ಅಲ್ರೀ, ಕಿವಿನೋವು. ಕಿವಿಯಿಂದ ಗಂಟಲ ಕಡೆ ಹೋಗೋ ಸಣ್ಣ ನಳಿಗಿ ಒಂದೈತಿ, ಕೂಸುಗಳಿಗೆ ಅದು ಇನ್ನೂ ಸಣ್ಣದು, ಅಡ್ಡ ಇರ್ತೈತಿ. ವಿಮಾನ ಕೆಳಗಿಳಿದಂಗ ಅದರೊಳಗಿನ ಗಾಳಿ ಒತ್ತಡ ಏರ್ತೈತಿ, ಆ ನಳಿಗಿ ತಗಿಲಿಲ್ಲಂದ್ರ ಕಿವಿಪರದೆ ಒಳಗ ಜಗ್ಗಿದಂಗ ಆಗಿ ನೋವು. ಉಗುಳು ನುಂಗಿದ್ರ ತಗೀತೈತಿ. ಅದಕ್ಕ ಮಲಗಿದ ಕೂಸನ್ನ, ಹೊಟ್ಟಿ ಉರಿದ್ರೂ, ಇಳಿಯಾಕ ಶುರು ಆಗೋ ಮೊದಲ ಎಬ್ಬಸಬೇಕು, ಯಾಕಂದ್ರ ನಿದ್ದ್ಯಾಗ ನುಂಗೋದು ಕಮ್ಮಿ. ಸಣ್ಣದಕ್ಕ ಮೊಲಿ ಇಲ್ಲಾ ಬಾಟ್ಲಿ. ದೊಡ್ಡದಕ್ಕ ಧಾರವಾಡ ಪೇಡೆ, ಚೂರು ಚೂರು ಮುರಿದು ಕೊಡಬೇಕು, ನಡುವ ಒಂದೊಂದು ಗುಟುಕು ನೀರು. ಪೇಡೆ ಒಣಗಿದ್ದಷ್ಟು ಚಲೋ, ನುಂಗಾಕ ಹೊತ್ತು ಹಿಡೀತೈತಿ. ಊರಿನ ಹೆಸರಿನ ಮಾಲಿಗೆ ಕೊಡೋ ಜಿಐ ಟ್ಯಾಗಿನ ಅರ್ಜಿಯೊಳಗ ಈ ಗುಣಾನೂ ಸೇರಸಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಗಟ್ಟಿ ಚಾಕಲೇಟು ಸಣ್ಣ ಹುಡುಗೂರಿಗೆ ಬ್ಯಾಡ, ಗಂಟಲಾಗ ಸಿಕ್ಕೀತು. ನೆಗಡಿ ಜೋರಿದ್ರ ಹೊಂಡೋ ಮೊದಲ ಡಾಕ್ಟರ್ ಕೇಳೋದು ಚಲೋ.

ಇನ್ನ ಕೆಲವು ಮಂದಿ ಗುಟ್ಟಾಗಿ ಹೇಳ್ತಾರ, ನೆಗಡಿ ಸಿರಪ್ ಒಂದು ಚಮಚ ಹಾಕ್ರಿ, ಬೆಂಗಳೂರು ತನಕಾ ಎಚ್ಚರ ಆಗಂಗಿಲ್ಲ ಅಂತ. ಈ ಮಾತಿಗೆ ನನ್ನ ಸಿಟ್ಟೈತಿ. ಮಕ್ಕಳ ಡಾಕ್ಟರು ಬ್ಯಾಡ ಅಂತಾರ, ಮತ್ತ ಕೆಲವು ಹುಡುಗೂರಿಗೆ ಅದು ಉಲ್ಟಾ ಹೊಡೆದು ನಿದ್ದಿ ಹಾರಿ ಕುಣದಾಟ ಹೆಚ್ಚಾಗ್ತೈತಿ. ನಾಕು ಮಂದಿ ತಿರುಗಿ ನೋಡ್ತಾರಂತ ಕೂಸಿಗೆ ಔಷಧ ಕುಡಸೋದು ಯಾವ ನ್ಯಾಯ?

ಯಾಕಂದ್ರ ಆ ನಾಕು ಮಂದೀದ ಖರೇ ತ್ರಾಸ. ಕೂಸು ಒಂದು "ಊಂ" ಅಂದ್ರ ಸಾಕು, ಅಪ್ಪ ಕುದಿಯೋ ಹಾಲಿನ ಮುಂದ ನಿಂತವರಂಗ ಆಗ್ತಾನ. ಶ್ಶ್, ಶ್ಶ್, ಎಲ್ಲಾರೂ ನೋಡಾಕತ್ತಾರ. ಆ ಅಂಜಿಕಿ ಕೈಯಿಂದ ಕೈಗೆ ಕೂಸಿಗೆ ಹೋಗ್ತೈತಿ, ಅದು ಇನ್ನೂ ಜೋರು ತಗೀತೈತಿ. ಅಜ್ಜಿ ಜೊತಿಗಿದ್ರ ಹಿಂಗ ಆಗಂಗಿಲ್ಲ. ಆಕಿ ಯಾರ ಕಡೆನೂ ನೋಡಂಗಿಲ್ಲ, ಸೆಕ್ಯೂರಿಟಿಯವ್ರು ಬಿಟ್ಟಷ್ಟು ಗಂಟು ತೊಡಿ ಮ್ಯಾಲ ಇಟ್ಕೊಂಡು ಒಂದೊಂದ ಹೊರಗ ತಗೀತಾಳ, ಮೊದಲು ಶೇಂಗಾ ಹೋಳಗಿ ಒಂದು ತುಂಡು, ಆಮೇಲೆ ಹಳೇ ಬಳಿ ಎರಡು, ಆಮೇಲೆ ದಾರದುಂಡಿ. ಗಂಟಿನ್ಯಾಗ ಇನ್ನೂ ಏನೈತಿ ಅನ್ನೋದು ಹುಡುಗೂರಿಗೆ ಹೇಳಂಗಿಲ್ಲ, ಅದ ಆಕಿ ಗುಟ್ಟು. ಎಲ್ಲಾ ಆಟಗಿ ಒಮ್ಮೆಲೆ ಸುರುವಿ "ಆಡು" ಅನ್ನೋ ಅವ್ವಂದಿರಿಗೆ ಇದು ತಿಳಿಯಂಗಿಲ್ಲ.

ವಿಮಾನ ನಿಂತ ಕೂಡ್ಲೆ ಶಾಣ್ಯಾ ಆಗಿ ಕುಂತಿದ್ದ ದೊಡ್ಡವ್ರೆಲ್ಲಾ ಧಡಕ್ಕನ ಎದ್ದು ಸಾಲು ಹಚ್ಚತಾರ, ಬಾಗಿಲು ತಗದಿರಂಗಿಲ್ಲ. ಎಟಿಆರ್‌ನಾಗ ಬಾಗಿಲು ಹಿಂದ, ಹಿಂಗಾಗಿ ಕಡೀ ಸಾಲಿನ ಹುಡುಗ ಮೊದಲು ಇಳಿದು "ನಾವ ಫಸ್ಟ್!" ಅಂತ ಒದರತಾನ. ಮುಂದ ಬ್ಯಾಗಿನ ಬೆಲ್ಟು. ಕರೀ ಪಟ್ಟಿ ಮ್ಯಾಲ ಯಾರ್ಯಾರದೋ ಪೆಟಿಗಿ, ಅಕ್ಕಿ ಚೀಲ, ಹಗ್ಗ ಕಟ್ಟಿದ ಡಬ್ಬಿ ತಾವ ತಿರಗ್ಯಾಡಕೋಂತ ಬರ್ತಾವಲ್ಲ, ಅಲ್ಲಿ ಹುಡುಗ ನಿಂತ ಅಂದ್ರ ಮುಗೀತು. ನಮ್ಮ ಬ್ಯಾಗು ಬಂದ್ರೂ ತಗೋಬ್ಯಾಡ್ರಿ, ಇನ್ನೊಂದು ರೌಂಡು ಹೋಗಲಿ ಅಂತಾನ. ಮಲ್ಲೇಶ್ವರದ ಮಾವಶಿ "ವಿಮಾನ ಹೆಂಗಿತ್ತೋ?" ಅಂತ ಕೇಳಿದ್ರ ಅಂವ ಹೇಳೋದು ಆ ಬೆಲ್ಟಿನ ಸುದ್ದಿನ, ಅದೂ ಚಪ್ಪಾಳಿ ತಟ್ಟಿ, ಟಿಕೀಟಿನ ರೊಕ್ಕ ಕೊಟ್ಟ ಅಪ್ಪನ ಎದುರಿಗೇ.