ಮೇ 31ರ ಶಾಲುಗಳು

ಬೀಳ್ಕೊಡುಗೆ ಸಮಾರಂಭದ ಕೊನೆಗೆ ಒಬ್ಬರು ವಂದನಾರ್ಪಣೆಗೆ ನಿಲ್ಲುತ್ತಾರೆ. ಮೈಕಿನವರಿಗೆ, ಶಾಮಿಯಾನದವರಿಗೆ, ಉಪ್ಪಿಟ್ಟು ಮಾಡಿದ ಭಟ್ಟರಿಗೆ ಎಲ್ಲ ವಂದನೆ ಸಲ್ಲಿಸಿ, ‘ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಕ್ಷಮೆಯಿರಲಿ’ ಅನ್ನುತ್ತಾರೆ. ಮೊನ್ನೆ ನಮ್ಮ ಕಚೇರಿಯಲ್ಲಿ ಬಿಟ್ಟುಹೋಗಿದ್ದು ನಿವೃತ್ತರಾಗುತ್ತಿದ್ದವರಲ್ಲೇ ಒಬ್ಬರ ಹೆಸರು!

ತಪ್ಪು ಪೂರ್ತಿ ಅವರದ್ದೇ ಅನ್ನುವ ಹಾಗಿಲ್ಲ. ಅವತ್ತು ಮೇ 31. ಸರ್ಕಾರಿ ನೌಕರರಿಗೆ ಈ ತಾರೀಖಿನ ಮಹಿಮೆ ಗೊತ್ತು. ಹಿಂದೆ ಹಳ್ಳಿಗಳಲ್ಲಿ ಮಗು ಹುಟ್ಟಿದ ದಿನ ಬರೆದಿಡುವವರು ಯಾರಿದ್ದರು? ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ‘ಯಾವಾಗ ಹುಟ್ಟಿದ್ದು?’ ಅಂತ ಕೇಳುತ್ತಿದ್ದರು. ‘ಕೆರೆ ಕೋಡಿ ಬಿದ್ದ ವರ್ಷ, ಕಡಲೆಕಾಯಿ ಕೀಳೋ ಹೊತ್ತಲ್ಲಿ’ ಅನ್ನುತ್ತಿದ್ದಳು ಅಜ್ಜಿ. ಮೇಷ್ಟ್ರು ಇದನ್ನೆಲ್ಲ ಎಲ್ಲಿ ಬರೆಯಬೇಕು? ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸುತ್ತಿದ್ದರು. ಬೆರಳು ಕಿವಿಗೆ ಸಿಕ್ಕಿತೋ, ವಯಸ್ಸಾಯಿತು. ಹುಟ್ಟಿದ ತಾರೀಖು ಜೂನ್ 1. ಲೆಕ್ಕಕ್ಕೆ ಸಲೀಸು, ನೋಡಿ.

ಮುಂದೆ ಆ ಹುಡುಗ ನೌಕರಿ ಹಿಡಿದ. ನಮ್ಮಲ್ಲಿ 60 ತುಂಬಿದ ತಿಂಗಳ ಕೊನೇ ದಿನ ನಿವೃತ್ತಿ. ಆದರೆ ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೇ ದಿನವೇ. ಹಾಗಾಗಿ ಮೇ 31ಕ್ಕೆ ರಾಜ್ಯದ ತುಂಬ ಶಾಲು, ಹಾರ, ಹಣ್ಣಿನ ಬುಟ್ಟಿ. ಉದ್ದ ಕೈಯ ಹುಡುಗರಿಗೆ ಒಂದೆರಡು ವರ್ಷ ಸರ್ವೀಸ್ ನಷ್ಟ, ಗಿಡ್ಡ ಕೈಯವರಿಗೆ ಲಾಭ. ಒಬ್ಬ ಮನುಷ್ಯನಿಗೆ ಹುಟ್ಟುಹಬ್ಬ, ನಿವೃತ್ತಿ ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಕೊಟ್ಟ ಆ ಮೇಷ್ಟ್ರನ್ನು ವೇದಿಕೆ ಮೇಲೆ ಯಾರೂ ನೆನೆಯುವುದಿಲ್ಲ.

ನಾಲ್ಕೈದು ಜನಕ್ಕೆ ಒಟ್ಟಿಗೇ ಸನ್ಮಾನ ಅಂದರೆ ಇನ್ನೊಂದು ತಾಪತ್ರಯ. ರೆಡಿಮೇಡ್ ಮೈಸೂರು ಪೇಟ ಒಂದೇ ಇತ್ತು. ಫೋಟೋ ಆದ ಕೂಡಲೇ ತೆಗೆದು ಪಕ್ಕದವರ ತಲೆಗೆ. ಕೊನೆಯವರ ತಲೆ ಚಿಕ್ಕದು, ಪೇಟ ಜಾರಿ ಕನ್ನಡಕದ ಮೇಲೆ ಕೂತಿತು. ಭಾಷಣವೂ ಹಾಗೇ, ಒಂದನ್ನೇ ಎಲ್ಲರಿಗೂ ತೊಡಿಸಿದರು: ‘ಅಜಾತಶತ್ರು’, ‘ಸರಳ ಸಜ್ಜನ’.

ಜೊತೆಗೆ ರಾಧಾಕೃಷ್ಣನ್ ಕತೆ ಇದ್ದೇ ಇರುತ್ತದೆ. 1921ರಲ್ಲಿ ಅವರು ಮೈಸೂರಿನ ಮಹಾರಾಜಾ ಕಾಲೇಜು ಬಿಟ್ಟು ಕಲ್ಕತ್ತಕ್ಕೆ ಹೊರಟಾಗ, ಹೂವಿನಿಂದ ಅಲಂಕರಿಸಿದ ಸಾರೋಟನ್ನು ವಿದ್ಯಾರ್ಥಿಗಳೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದರು. ನನಗೂ ಇಷ್ಟದ ಕತೆಯೇ. ಆದರೆ ಹೇಳುವವರು ಜನ್ಮದಲ್ಲಿ ಒಂದು ಕುರ್ಚಿಯನ್ನಾದರೂ ಎಳೆದುಹಾಕಿದವರಲ್ಲ. ಸಿಟ್ಟು ಬರಲ್ವಾ?

ಹೆಸರು ಬಿಟ್ಟುಹೋದವರು ನಮ್ಮ ಸೂಪರಿಂಟೆಂಡೆಂಟ್. ಸರಳರೂ ಅಲ್ಲ, ಅಜಾತಶತ್ರುವಂತೂ ಅಲ್ಲವೇ ಅಲ್ಲ. ಯಾರಿಗೂ ಒಂದು ಟೀ ಕುಡಿಸಿದವರಲ್ಲ. ನಾನು ಹೊಸಬನಾಗಿದ್ದಾಗ ಬರೆದ ಡ್ರಾಫ್ಟುಗಳೆಲ್ಲ ಕೆಂಪು ಇಂಕಿನಲ್ಲಿ ಮಿಂದು ವಾಪಸ್ ಬರುತ್ತಿದ್ದವು. ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಶುರು ಮಾಡಿದರೆ ಮುಗೀತು. ‘ಇದನ್ನ ಓದೋನು ರೈತ ಕಣಯ್ಯ. ದುಡ್ಡು ಬರುತ್ತೋ ಇಲ್ವೋ, ಮೊದಲನೇ ಸಾಲಲ್ಲಿ ಬರಿ’ ಅನ್ನುವರು. ಕಡತದ ದಾರವನ್ನು ಗಂಟು ಬಿಗಿದುಕೊಳ್ಳದ ಹಾಗೆ ಕಟ್ಟುವುದನ್ನೂ ಅವರೇ ಕಲಿಸಿದ್ದು. ನಾನಿವತ್ತು ನಾಲ್ಕು ಸಾಲು ನೆಟ್ಟಗೆ ಬರೆಯುತ್ತೇನೆ ಅಂದರೆ ಅದು ಆ ಕೆಂಪು ಇಂಕಿನ ಕೃಪೆ.

ಇದನ್ನೆಲ್ಲ ಅವರಿಗೆ ಹೇಳೋಣ ಅಂತ ಉಪ್ಪಿಟ್ಟಿನ ತಟ್ಟೆ ಹಿಡಿದು ಹತ್ತಿರ ಹೋದೆ. ‘ಸಾರ್, ನಿಮ್ಮಿಂದ...’ ಅನ್ನುವಷ್ಟರಲ್ಲಿ ಅವರು, ‘ಅದಿರಲಿ, ನನ್ನ ಪಿಂಚಣಿ ಫೈಲ್ ಎಲ್ಲಿಗೆ ಬಂತು, ಸ್ವಲ್ಪ ನೋಡ್ತೀಯಾ?’ ಅಂದರು.

ನೋಡಿದೆ. ಎ.ಜಿ. ಆಫೀಸಿಗೆ, ಅಂದರೆ ಪಿಂಚಣಿ ಲೆಕ್ಕ ನೋಡುವ ಮಹಾಲೇಖಪಾಲರ ಕಚೇರಿಗೆ, ಯಾವತ್ತೋ ಹೋಗಿರಬೇಕಾದ ಕಾಗದ ಇನ್ನೂ ನಮ್ಮಲ್ಲೇ ಇದೆ. ಸೇವಾ ಪುಸ್ತಕದಲ್ಲಿ ಯಾವುದೋ ಹಳೇ ಇನ್‌ಕ್ರಿಮೆಂಟಿನ ನಮೂದಿಗೆ ಸಹಿ ಇಲ್ಲವಂತೆ. ಫೈಲ್ ಇರುವುದು ಸಾರೋಟಿನ ಕತೆ ಹೇಳಿದ ಮಹಾಶಯರ ಮೇಜಿನ ಮೇಲೆ. ಕೇಳಿದರೆ ‘ಸೋಮವಾರ ಬನ್ನಿ’ ಅಂದಿದ್ದಾರೆ. ಸೋಮವಾರ ಹೋಗುತ್ತೇನೆ, ಸಹಿ ಬೀಳುವ ತನಕ ಅಲ್ಲಿಂದ ಏಳುವುದಿಲ್ಲ. ಜಗಳವಾದರೆ ಆಗಲಿ.