ಮಾವನ ಎಡಗಡೆ ಸೀಟು

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ಡಿಪ್ಲೊಮಾ ಬಿಟ್ಬುಟ್ಟೆ. ನಿನ್ ಜೊತೆ ಗಾಡೀಗ್ ಬತ್ತೀನಿ, ಡ್ರೈವಿಂಗ್ ಕಲ್ಸ್ಕೊಡು." ನಿಮ್ಮಮ್ಮನಿಗೆ ಗೊತ್ತಾ ಅಂತ ಕೇಳಿದೆ. ಫೋನ್ ಕಟ್ ಆಯಿತು.

ನಗು ಬಂತು. 2014ರಲ್ಲಿ ನಾನೂ ನನ್ನ ಸೋದರಮಾವನ ಮುಂದೆ ಹೀಗೇ ಹೋಗಿ ನಿಂತಿದ್ದೆ. ಆಗ ಮಾವ ಮದ್ದೂರಿನ ಎಳನೀರು ಮಾರ್ಕೆಟ್‌ನಿಂದ ಮುಂಬೈಗೆ ಹತ್ತು ಚಕ್ರದ ಲಾರಿ ಹೊಡೆಯುತ್ತಿದ್ದ. ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡಿ, "ಬಾ, ಆದ್ರೆ ಸ್ಟೇರಿಂಗ್ ಮುಟ್ಟೋ ಆಸೆ ಇಟ್ಕೊಂಡು ಬರ್ಬೇಡ" ಅಂದ. ಎಂಟು ತಿಂಗಳು ಅವನ ಎಡಗಡೆ ಕೂತೆ. ಮೊದಲ ಆರು ತಿಂಗಳು ಮಾವ ಮಾತಿಗೆ ತಪ್ಪಲಿಲ್ಲ.

ಈಗ ಲಾರಿ ಮಾಲೀಕರನ್ನು ಯಾರನ್ನೇ ಕೇಳಿ, ಒಂದೇ ರಾಗ. ಡ್ರೈವರ್ ಸಿಗ್ತಿಲ್ಲ. ಸಿಕ್ಕರೂ ನಿಲ್ಲಲ್ಲ. ನಿಂತರೂ ಕೆಲಸ ಗೊತ್ತಿಲ್ಲ. ಸರಿ ಸ್ವಾಮಿ, ಕೆಲಸ ಗೊತ್ತಿರೋರು ಎಲ್ಲಿಂದ ಬರಬೇಕು? ಡ್ರೈವರ್ ಆಗುತ್ತಿದ್ದವನು ಕ್ಲೀನರ್. ಆ ಕ್ಲೀನರ್‌ನ ಬತ್ತಾ ಉಳಿಸೋಕೆ ಅವನನ್ನೇ ಇಳಿಸಿಬಿಟ್ಟಿರಿ. ಎಡಗಡೆ ಸೀಟಿನಲ್ಲಿ ಈಗ ನೀರಿನ ಕ್ಯಾನು, ಬಟ್ಟೆ ಬ್ಯಾಗು ಕೂತಿವೆ. ಅವು ಡ್ರೈವಿಂಗ್ ಕಲಿಯಲ್ಲ.

ಆ ಸೀಟಿನಲ್ಲಿ ಏನು ಕಲಿಯುತ್ತಾರೆ ಅಂತ ಕಾರು ಓಡಿಸುವವರಿಗೆ ಅಷ್ಟಾಗಿ ಗೊತ್ತಿರಲ್ಲ. ನಾನು ಮೊದಲು ಕಲಿತಿದ್ದು ಟೈರ್ ಬಡಿಯೋದು.

ಹತ್ತು ಚಕ್ರದ ಗಾಡಿಯಲ್ಲಿ ಹಿಂದೆ ಜೋಡಿ ಜೋಡಿ ಟೈರ್. ಹೊರಗಿನದು ಕಣ್ಣಿಗೆ ಕಾಣುತ್ತೆ, ಒಳಗಿನದು ಕಾಣಲ್ಲ. ಒಳಗಿನದರ ಗಾಳಿ ಇಳಿದರೂ ಹೊರಗಿನ ಟೈರ್ ಭಾರ ಹೊತ್ತುಕೊಂಡು ಸುಮ್ನೆ ಓಡುತ್ತಿರುತ್ತದೆ. ಬಿಸಿಯಾಗಿ ಆಗಿ ಎಲ್ಲೋ ಒಂದು ಕಡೆ ಢಮಾರ್. ಅದಕ್ಕೇ ಗಾಡಿ ನಿಂತಲ್ಲೆಲ್ಲ ಇಳಿದು ಕಬ್ಬಿಣದ ರಾಡಿನಿಂದ ಒಂದೊಂದೇ ಟೈರ್ ಬಡಿಯಬೇಕು. ಗಾಳಿ ಸರಿ ಇದ್ದರೆ ರಾಡು ಪುಟಿದು ಕೈಗೆ ವಾಪಸ್ ಬರುತ್ತೆ, ಸದ್ದು ಠಣ್ ಅನ್ನುತ್ತೆ. ಇಳಿದಿದ್ದರೆ ದೊಪ್ ಅಂತ ರಾಡು ಅಲ್ಲೇ ಕೂರುತ್ತೆ. ಜೋಡಿ ಟೈರ್ ನಡುವೆ ಕಲ್ಲು ಸಿಕ್ಕಿಕೊಂಡಿದೆಯಾ ಅಂತಲೂ ನೋಡಬೇಕು. ಓಡುವಾಗ ಅದು ಹಾರಿದರೆ ಹಿಂದೆ ಬರುವವನ ಗಾಜು ಉಳಿಯಲ್ಲ.

ಮೂರನೇ ಟ್ರಿಪ್ ಇರಬೇಕು. ಮದ್ದೂರಿನಿಂದ ಕುಣಿಗಲ್ ಮೇಲೆ ತುಮಕೂರು, ಅಲ್ಲಿಂದ ದೊಡ್ಡ ರಸ್ತೆ. ಕಾಗದದಲ್ಲಿ ಅದು ಎನ್‌ಎಚ್ 48 ಆಗಿ ಎಷ್ಟೋ ವರ್ಷ ಆಗಿದೆ, ನಮ್ಮ ಬಾಯಲ್ಲಿ ಇನ್ನೂ ಎನ್‌ಎಚ್ 4. ಹಿರಿಯೂರಿನ ಹತ್ತಿರ ರಾತ್ರಿ ಒಂದು ಗಂಟೆಗೆ ಮಾವ ಟೀ ಕುಡಿಯಲು ನಿಲ್ಲಿಸಿದ. "ಬಡಿದ್ಯೇನ್ಲಾ?" ಅಂದ. "ಹ್ಞೂ ಮಾವ" ಅಂದೆ. ಎರಡು ಟೈರ್ ಬಡಿದಿದ್ದೆ. ಚಳಿ, ನಿದ್ದೆ, ಉಳಿದಿದ್ದನ್ನು ಯಾರು ನೋಡ್ತಾರೆ ಅನ್ನುವ ಸೋಮಾರಿತನ.

ರಾಣೆಬೆನ್ನೂರು ದಾಟುವಷ್ಟರಲ್ಲಿ ಸಿಡಿಯಿತು. ಎಡಗಡೆ ಹಿಂದಿನ ಒಳಟೈರ್.

ಮಾವ ಬೈಯಲಿಲ್ಲ. ಬೈದಿದ್ದರೆ ಅವತ್ತೇ ಮರೆತುಬಿಡುತ್ತಿದ್ದೆ. ಗಾಡಿ ಪಕ್ಕಕ್ಕೆ ಹಾಕಿ, ಹಿಂದೆ ಕಲ್ಲು, ಸೊಪ್ಪು ಇಟ್ಟು, ಜಾಕಿ ನನ್ನ ಕೈಗೆ ಕೊಟ್ಟು ತಾನು ಟಾರ್ಚ್ ಹಿಡಿದು ನಿಂತ. ನಟ್ಟು ಸಡಿಲ ಮಾಡಲು ಸ್ಪ್ಯಾನರಿನ ಪೈಪ್ ಮೇಲೆ ಹತ್ತಿ ಕುಣಿಯಬೇಕಾಯಿತು. ಒಳಟೈರ್ ಬಿಚ್ಚಬೇಕಾದರೆ ಮೊದಲು ಹೊರಗಿನದು ಬಿಚ್ಚಬೇಕು. ಎರಡು ಗಂಟೆ ಹಿಡಿಯಿತು. ಎಲ್ಲ ಮುಗಿದು ಕೈ ಒರೆಸಿಕೊಳ್ಳುವಾಗ ಒಂದೇ ಮಾತು ಕೇಳಿದ: "ಎಷ್ಟು ಬಡಿದಿದ್ದೆ?" ಎರಡು ಅಂದೆ. ಕ್ಯಾಬಿನ್ ಹತ್ತಿ ಗಾಡಿ ಸ್ಟಾರ್ಟ್ ಮಾಡಿದ. ಬೆಳಗಾವಿವರೆಗೆ ಮಾತಿಲ್ಲ. ಇವತ್ತಿಗೂ ನಾನು ನೀರು ಕುಡಿಯೋಕೆ ನಿಲ್ಲಿಸಿದರೂ ಹತ್ತೂ ಬಡಿಯುತ್ತೇನೆ.

ಎರಡನೇ ಪಾಠ ಎಡಗಣ್ಣಾಗೋದು. ಡ್ರೈವರ್ ಕೂರೋದು ಬಲಕ್ಕೆ. ಎಡಗಡೆ ಬಾಗಿಲಿನ ಕೆಳಗೆ ಅವನಿಗೆ ಏನೂ ಕಾಣಲ್ಲ. ಕನ್ನಡಿ ಎಷ್ಟೇ ದೊಡ್ಡದಿದ್ದರೂ ಬೈಕ್‌ನವನು ಅಲ್ಲಿ ಮಾಯ ಆಗುತ್ತಾನೆ. ಊರೊಳಗೆ ಎಡಕ್ಕೆ ತಿರುಗುವಾಗ ನಾನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಬಾಗಿಲು ಬಡಿಯುತ್ತಿದ್ದೆ, "ಬರ್ಲಿ, ಬರ್ಲಿ, ಹೋಲ್ಡಾನ್!" ಆ ಸದ್ದಿನ ಮೇಲೆ ಮಾವ ಇಪ್ಪತ್ತೈದು ಟನ್ ತಿರುಗಿಸುತ್ತಿದ್ದ. ಈಗ ನಾನು ಒಬ್ಬನೇ. ಹುಬ್ಬಳ್ಳಿ ಒಳಗೆ ಎಡಕ್ಕೆ ತಿರುಗಬೇಕಾದರೆ ಮೂರು ಸಲ ನಿಂತು ನಿಂತು ತಿರುಗುತ್ತೇನೆ, ಹಿಂದಿನವರು ಹಾರ್ನ್ ಮೇಲೆ ಕೈ ಇಟ್ಟರೆ ತೆಗೆಯಲ್ಲ. ಬೈಕ್‌ನವರಿಗೆ ಒಂದು ಮಾತು. ದಯವಿಟ್ಟು ಲಾರಿಯ ಎಡಕ್ಕೆ ನುಗ್ಗಬೇಡಿ. ಅಲ್ಲಿ ನಿಮ್ಮನ್ನು ನೋಡುತ್ತಿದ್ದ ಹುಡುಗ ಈಗ ಇಲ್ಲ.

ಇನ್ನು ಘಾಟಿ. ಇದನ್ನು ಯಾವ ಸ್ಕೂಲೂ ಕಲಿಸಲ್ಲ, ಬರೆದಿಟ್ಟುಕೊಳ್ಳಿ.

ಸತಾರಾ ಕಡೆಯಿಂದ ಪುಣೆಗೆ ಹೋಗುವಾಗ ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಬ್ರಿಡ್ಜ್‌ವರೆಗೆ ಇಳಿಜಾರು. ಸೊಟ್ಟ ತಿರುವಿಲ್ಲ, ಪ್ರಪಾತವಿಲ್ಲ, ನೋಡಿದರೆ ಘಾಟಿ ಅಂತ ಅನ್ನಿಸೋದೇ ಇಲ್ಲ. ಅಗಲವಾದ ಒಳ್ಳೇ ರಸ್ತೆ. ಅದೇ ಮೋಸ. ಲೋಡ್ ಗಾಡಿಯವರು ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ಗೆ ಹಾಕುತ್ತಾರೆ. ಕೆಲವರು ಎಂಜಿನ್ನೇ ಆಫ್ ಮಾಡುತ್ತಾರೆ. ಆಗ ಗಾಡಿ ಹಿಡಿಯೋಕೆ ಬ್ರೇಕ್ ಒಂದೇ. ಒತ್ತಿ ಒತ್ತಿ ಡ್ರಮ್ಮು, ಲೈನರ್ ಕಾಯುತ್ತವೆ. ಕಾದ ಬ್ರೇಕ್ ಹಿಡಿಯಲ್ಲ. ಲಾರಿ ಬ್ರೇಕ್ ಹಿಡಿಯೋದು ಗಾಳಿಯ ಒತ್ತಡದಿಂದ. ಎಂಜಿನ್ ಆಫ್ ಆಗಿದ್ದರೆ ಆ ಗಾಳಿ ತುಂಬುವ ಕಂಪ್ರೆಸರ್ ಕೂಡ ನಿಂತಿರುತ್ತೆ, ಒತ್ತಿದಷ್ಟೂ ಟ್ಯಾಂಕಿನ ಗಾಳಿ ಖಾಲಿ. ಪವರ್ ಸ್ಟೇರಿಂಗ್ ಕಲ್ಲಾಗುತ್ತೆ. ಆ ಜಾಗದಲ್ಲಿ ವರ್ಷಾ ವರ್ಷ ಅಪಘಾತ. 2025ರ ನವೆಂಬರ್‌ನಲ್ಲಿ ಕಂಟೇನರ್ ಗಾಡಿಯೊಂದು ಹತೋಟಿ ತಪ್ಪಿ ಮುಂದಿದ್ದ ವಾಹನಗಳಿಗೆ ನುಗ್ಗಿ, ಬೆಂಕಿ ಹತ್ತಿ ಜನ ಸತ್ತಿದ್ದು ನೀವೂ ಓದಿರುತ್ತೀರಿ.

ಮೊದಲ ಸಲ ಅಲ್ಲಿ ಇಳಿಯುವಾಗ ಬೆಳಗಿನ ಜಾವ. ಮಾವ ಸುರಂಗದ ಬಾಯಿಗೇ ಗೇರ್ ಕಡಿಮೆ ಮಾಡಿದ. ಎಂಜಿನ್ ಗೊರ ಗೊರ ಅಂತ ಗೋಳಾಡುತ್ತಿತ್ತು. "ಯಾಕ್ ಮಾವ, ಇಳಿಜಾರಲ್ವಾ?" ಅಂದೆ. "ಹತ್ತೋಕೆ ಯಾವ್ ಗೇರ್ ಬೇಕೋ ಇಳಿಯೋಕೂ ಅದೇ ಗೇರು ಕಣ್ಲಾ. ಈ ಸದ್ದು ಐತಲ್ಲ, ಇದೇ ನಮ್ಮ ಬ್ರೇಕು." ಅಷ್ಟರಲ್ಲಿ ಬಲಗಡೆಯಿಂದ ಒಂದು ಟ್ರೇಲರ್ ಹೋಯಿತು. ಸದ್ದೇ ಇಲ್ಲ. ಬರೀ ಗಾಳಿಯ ಸುಯ್ ಅನ್ನುವ ಶಬ್ದ, ಹಿಂದೆಯೇ ರಬ್ಬರ್ ಸುಟ್ಟಂಥ ವಾಸನೆ. ಮಾವ ಮೂಗು ಎಳೆದ. "ಲೈನರ್ ವಾಸ್ನೆ. ಮರೀಬೇಡ." ಆ ಟ್ರೇಲರ್ ಅವತ್ತು ಹೇಗೋ ಪಾರಾಯಿತು ಅನ್ನಿಸುತ್ತೆ, ಕೆಳಗೆ ಏನೂ ಕಾಣಲಿಲ್ಲ. ವಾಸನೆ ಮಾತ್ರ ನನ್ನ ಮೂಗಿನಲ್ಲೇ ಉಳಿಯಿತು.

ಇದನ್ನೆಲ್ಲ ಬರೆದು ಮಾವನನ್ನು ದೇವರು ಮಾಡೋಕೆ ಇಷ್ಟ ಇಲ್ಲ. ಇದೇ ಮಾವ ನಿಪ್ಪಾಣಿ ಹತ್ತಿರದ ತವಂದಿ ಘಾಟಿನಲ್ಲಿ ನ್ಯೂಟ್ರಲ್‌ಗೆ ಹಾಕುತ್ತಿದ್ದ. "ಇದು ಚಿಕ್ದು, ಏನಾಗಲ್ಲ" ಅನ್ನುತ್ತಿದ್ದ. ಟ್ರಿಪ್ಪಿಗೆ ಇಷ್ಟು ಡೀಸೆಲ್ ಅಂತ ಮಾಲೀಕನ ಲೆಕ್ಕ, ಅದರಲ್ಲಿ ಉಳಿದಿದ್ದು ಡ್ರೈವರ್‌ದು. ಆ ಲೆಕ್ಕ ಇರೋವರೆಗೆ ನ್ಯೂಟ್ರಲ್ ಹೋಗಲ್ಲ. ತಮಾಷೆ ಅಂದರೆ ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲೇ ಇಳಿಯುತ್ತ ಆಕ್ಸಲರೇಟರ್ ಬಿಟ್ಟರೆ ಡೀಸೆಲ್ ತಾನಾಗೇ ನಿಲ್ಲುತ್ತೆ. ನ್ಯೂಟ್ರಲ್‌ಗೆ ಹಾಕಿದರೇನೇ ಎಂಜಿನ್ ಓಡಿಸಲು ಡೀಸೆಲ್ ಬೇಕು. ಹೇಳಿದರೆ ಹಳಬರು ನಂಬಲ್ಲ. ಮಾವ ಈಗ ಊರಲ್ಲಿದ್ದಾನೆ, ಮಂಡಿ ನೋವು, ಅವನೂ ನಂಬಲ್ಲ.

ಗುಟ್ಕಾ ಕಲಿತಿದ್ದೂ ಆ ಕ್ಯಾಬಿನ್ನಲ್ಲೇ. ಬಿಡೋಕೆ ನಾಲ್ಕು ವರ್ಷ ಬೇಕಾಯಿತು. ಆರು ತಿಂಗಳು ಆದ ಮೇಲೆ, ರಾತ್ರಿ ಖಾಲಿ ರಸ್ತೆಯಲ್ಲಿ, ಲೈಸೆನ್ಸ್ ಇಲ್ಲದ ನನ್ನ ಕೈಗೆ ಸ್ಟೇರಿಂಗ್ ಕೊಟ್ಟಿದ್ದೂ ಅದೇ ಮಾವ. ನಮ್ಮ ಕಾಲದ ಮುಕ್ಕಾಲು ಡ್ರೈವರ್‌ಗಳು ಕಲಿತಿದ್ದೇ ಹಾಗೆ. ಅದು ತಪ್ಪು. ಏನಾದರೂ ಆಗಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಿದ್ದರು, ಮಾವ ಜೈಲಿಗೆ, ನಾನೂ ಜೈಲಿಗೆ. ಆಗಲಿಲ್ಲ, ಅದೃಷ್ಟ. ಅದೃಷ್ಟವನ್ನು ತರಬೇತಿ ಅಂತ ಕರೆಯೋಕಾಗಲ್ಲ.

ಆಮೇಲೆ ಲೈಸೆನ್ಸ್ ಕಥೆ. ಹೆವಿ ಲೈಸೆನ್ಸ್‌ಗೆ ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್ ಬೇಕು. ನಿಯಮದ ಪ್ರಕಾರ 30 ದಿನದ ತರಬೇತಿ, ಅದರಲ್ಲಿ ಕನಿಷ್ಠ 15 ಗಂಟೆ ಗಾಡಿ ಓಡಿಸಬೇಕು. ನಾನು ಸೇರಿದ ಸ್ಕೂಲಿನಲ್ಲಿ ಒಂದು ಹಳೇ ಆರು ಚಕ್ರದ ಗಾಡಿ ಇತ್ತು. ಖಾಲಿ ಗಾಡಿ. ಮೈದಾನದಲ್ಲಿ ನಾಲ್ಕು ದಿನ ಸುತ್ತಿದೆ, ದುಡ್ಡು ಕಟ್ಟಿದೆ, ಸರ್ಟಿಫಿಕೇಟ್ ಬಂತು. ಮಾವನ ಜೊತೆ ಎಂಟು ತಿಂಗಳು ಕೂತಿದ್ದಕ್ಕೆ ಯಾವ ಫಾರಂನಲ್ಲೂ ಒಂದು ಗೆರೆ ಜಾಗ ಇರಲಿಲ್ಲ.

15 ಗಂಟೆ ಅಂದರೆ ಎಷ್ಟು ಗೊತ್ತಾ? ಮದ್ದೂರಿನಿಂದ ಲೋಡ್ ಗಾಡಿ ಹೊರಟರೆ 15 ಗಂಟೆಗೆ ಬೆಳಗಾವಿ ಹತ್ತಿರ ಬಂದಿರುತ್ತೇವೆ ಅಷ್ಟೆ. ಕರ್ನಾಟಕ ಗಡಿಯೂ ದಾಟಿರಲ್ಲ. ಅಷ್ಟು ಹೊತ್ತಿನ ಅನುಭವಕ್ಕೆ, ಅದೂ ಪೂರ್ತಿ ಕೊಟ್ಟರೆ, ಇಡೀ ದೇಶದಲ್ಲಿ ಲೋಡ್ ಹೊಡಿ ಅಂತ ಕಾರ್ಡು ಕೊಡುತ್ತಾರೆ.

ಮೊದಲು ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಇರಬೇಕು ಅಂತ ನಿಯಮ ಇತ್ತು. ಮಾವನ ಗಾಡಿಯಲ್ಲಿ ಎರಡನೇ ಡ್ರೈವರ್ ಇದ್ದ, ಕಾಗದದಲ್ಲಿ. 2018ರಲ್ಲಿ ಆ ನಿಯಮವನ್ನೇ ತೆಗೆದರು. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರೋವರೆಗೆ, ದಿನಕ್ಕೆ 8 ಗಂಟೆ ಕೆಲಸ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಆದರೆ ಅದು ಐದು ಜನ ಇಲ್ಲವೇ ಅದಕ್ಕಿಂತ ಜಾಸ್ತಿ ಕೆಲಸಗಾರರಿದ್ದ ಕಡೆಗೆ ಮಾತ್ರ ಇತ್ತು. ಒಂದೆರಡು ಲಾರಿ ಇಟ್ಟುಕೊಂಡವನ ಹತ್ತಿರ ಐದು ಜನ ಎಲ್ಲಿರುತ್ತಾರೆ? ಎಳನೀರು ಬಿಸಿಲಿಗೆ ಕಾಯಲ್ಲ, ಮಂಡಿಯವನು ಡ್ರೈವರ್‌ಗೆ ಕಾಯಲ್ಲ. ಒಬ್ಬನೇ ಓಡಿಸು, ಅಷ್ಟೆ.

ನನ್ನ ಪ್ರಕಾರ ಆಗಬೇಕಾದ್ದು ತುಂಬ ಚಿಕ್ಕದು. ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್ ಇಟ್ಟುಕೊಂಡು, ಎಲ್ ಬೋರ್ಡ್ ಹಾಕಿ, ಪಕ್ಕದಲ್ಲಿ ಲೈಸೆನ್ಸ್ ಇರುವವನನ್ನು ಕೂರಿಸಿಕೊಂಡು ಕಲಿಯೋಕೆ ಕಾನೂನಿನಲ್ಲಿ ಈಗಲೂ ಅವಕಾಶ ಇದೆ. ಆ ಕಿಲೋಮೀಟರ್‌ಗಳನ್ನು ಒಂದು ಪುಸ್ತಕದಲ್ಲಿ ಬರೆಸಿ. ಹತ್ತು ವರ್ಷ ಅನುಭವ ಇರುವ ಡ್ರೈವರ್ ಸಹಿ ಹಾಕಲಿ. ಸುಳ್ಳು ಬರೆಯುತ್ತಾರೆ ಅನ್ನುತ್ತೀರಾ? 2021ರಿಂದ ಫಾಸ್ಟ್‌ಟ್ಯಾಗ್ ಕಡ್ಡಾಯ, ಗಾಡಿ ಯಾವ ಟೋಲ್ ಎಷ್ಟು ಹೊತ್ತಿಗೆ ದಾಟಿತು ಅಂತ ದಾಖಲೆ ಇದ್ದೇ ಇದೆ. ತಾಳೆ ಹಾಕಿ. ಆ ಹುಡುಗನ ಬತ್ತಾದಲ್ಲಿ ಸ್ವಲ್ಪ ಸರ್ಕಾರ ಕೊಡಲಿ, ಸ್ವಲ್ಪ ಮಾಲೀಕ ಕೊಡಲಿ. ಕಲಿಸುವ ಡ್ರೈವರ್‌ಗೂ ಏನಾದರೂ ಕೊಡಲಿ. ಎಸಿ ಹಾಲ್‌ನಲ್ಲಿ ಸ್ಲೈಡ್ ತೋರಿಸಿ, ಬಿಸ್ಕೆಟ್ ಹಂಚಿ ಮಾಡುವ ರಸ್ತೆ ಸುರಕ್ಷತೆ ಕಾರ್ಯಕ್ರಮದ ದುಡ್ಡು ಇದಕ್ಕೆ ಸಾಕು. ಒಂದು ಸಲ ನನ್ನನ್ನೂ ಕರೆದಿದ್ದರು. ಬಿಸ್ಕೆಟ್ ಚೆನ್ನಾಗಿತ್ತು.

ಅಕ್ಕನ ಮಗನ ವಿಷಯಕ್ಕೆ ಬರುತ್ತೇನೆ. ಅವನಿಗೆ 19. ಸಾರಿಗೆ ವಾಹನ ಓಡಿಸಲು 20 ತುಂಬಿರಬೇಕು. ಅದಕ್ಕೂ ಮೊದಲು ಕಾರಿನ ಲೈಸೆನ್ಸ್ ತೆಗೆದುಕೊಂಡು ಒಂದು ವರ್ಷ ಆಗಿರಬೇಕು. ಅವನ ಹತ್ತಿರ ಇರೋದು ಬೈಕ್‌ದು ಮಾತ್ರ. ಅಂದರೆ ಹೇಗೂ ಒಂದು ವರ್ಷ ಕಾಯಲೇಬೇಕು. ಆ ವರ್ಷ ನನ್ನ ಎಡಗಡೆ ಕೂರಲಿ, ಟೈರ್ ಬಡಿಯಲಿ, ಬೆಳಿಗ್ಗೆ ಏರ್ ಟ್ಯಾಂಕಿನ ನೀರು ಬಿಡಲಿ, ಕನ್ನಡಿ ಒರೆಸಲಿ. ಸ್ಟೇರಿಂಗ್ ಎಲ್‌ಎಲ್‌ಆರ್ ಬಂದ ಮೇಲೆ. ಈ ವಿಷಯದಲ್ಲಿ ಮಾವನ ದಾರಿ ಹಿಡಿಯಲ್ಲ. ಗುಟ್ಕಾ ಮುಟ್ಟಿದರೆ ಯಾವ ಊರೇ ಆಗಲಿ ಅಲ್ಲೇ ಇಳಿಸಿ ಬರುತ್ತೇನೆ ಅಂತಲೂ ಹೇಳಿದ್ದೇನೆ.

ಅಕ್ಕ ನಿನ್ನೆ ರಾತ್ರಿ ಫೋನ್ ಮಾಡಿ ಅರ್ಧ ಗಂಟೆ ಬೈದಳು. "ನಿನ್ ಬಾಳೇ ಸಾಕಾಗಿಲ್ವಾ, ಅವ್ನುನ್ನೂ ಎಳ್ಕೊಂಡೋಯ್ತೀಯಾ? ಡ್ರೈವರ್‌ಗೆ ಯಾವನ್ ಹೆಣ್ ಕೊಡ್ತಾನೆ?" ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನನಗೆ ಮೂವತ್ತು ದಾಟಿದೆ, ನೀವೇ ಲೆಕ್ಕ ಹಾಕಿ. ಕೊನೆಗೆ ಒಂದು ವರ್ಷ ನೋಡೋಣ, ಬೇಜಾರಾದರೆ ವಾಪಸ್ ಕಾಲೇಜಿಗೆ ಕಳಿಸ್ತೀನಿ ಅಂದೆ. ಫೋನ್ ಇಟ್ಟಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಹುಡುಗ ಮಾತ್ರ ಆಗಲೇ ಮೆಸೇಜ್ ಹಾಕಿದ್ದಾನೆ. "ಮಾವ ಗಾಡೀಲಿ ಎಸಿ ಇದ್ಯಾ?" 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ, ಅವನು ಅದನ್ನು ಎಲ್ಲೋ ರೀಲ್ಸ್‌ನಲ್ಲಿ ನೋಡಿರಬೇಕು. ನಮ್ಮದು 2019ರ ಗಾಡಿ. ಎರಡೂ ಕಿಟಕಿ ಚೆನ್ನಾಗಿ ಇಳಿಯುತ್ತವೆ ಅಂತ ಉತ್ತರ ಕಳಿಸಿದೆ.

ಸೋಮವಾರ ಸಂಜೆ ಲೋಡು. ಚಪ್ಪಲಿ ಹಾಕಿಕೊಂಡು ಬರಬೇಡ, ಶೂ ಇರಲಿ, ಕತ್ತಲಲ್ಲಿ ಹತ್ತಿ ಇಳಿಯುವಾಗ ಜಾರುತ್ತೆ ಅಂದಿದ್ದೇನೆ. ಮಾವನ ಹಳೇ ರಾಡು ಇನ್ನೂ ನನ್ನ ಸೀಟಿನ ಹಿಂದೆಯೇ ಇದೆ. ಹಿಡಿ ಸವೆದು ನುಣ್ಣಗಾಗಿದೆ. ನಿನ್ನೆ ತೆಗೆದು ಒರೆಸಿ ಎಡಗಡೆ ಇಟ್ಟೆ. ನೀರಿನ ಕ್ಯಾನಿಗೆ ಬೇರೆ ಜಾಗ ಹುಡುಕಬೇಕು.